ಏಳನೆಯ ಜೊತೆ

“ಅಲ್ಲಿ ಯಾರೋ ಇದ್ದಾಳೆ, ಅಲ್ವೇನೋ?” ಎಂದಳು ಅಜ್ಜಿ.

ಮಗ ಮಡಿಚಿಟ್ಟಿದ್ದ ಸ್ವೆಟರನ್ನು ಬಿಡಿಸಿ ಮತ್ತೆ ಮಡಿಚಿ ಚೀಲಕ್ಕೆ ತುರುಕಿದ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಜ್ವರ ಬಂದರೂ ಅಂಗಡಿಗೆ ಬೀಗ ಹಾಕಿದವನಲ್ಲ. ಈಗ ಚಳಿಗಾಲದ ರಜೆಯೆಂದು ಮೂರು ದಿನ ಮುಚ್ಚಿ, ಮಗಳಿಗೆ ಮಹಾನಗರ ತೋರಿಸಲು ಹೊರಟಿದ್ದ. ಹಿಂದಿನ ದಿನ ಕ್ಷೌರ ಮಾಡಿಸಿಕೊಂಡಿದ್ದ. ಉಗುರಿನ ಸಂದಿಯ ಎಣ್ಣೆಮಸಿಯನ್ನು ಹಳೆಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದಿದ್ದ. ಅಜ್ಜಿಯ ಕಣ್ಣಿಗೆ ಇದಾವುದೂ ತಪ್ಪಿರಲಿಲ್ಲ.

“ಇದ್ರೆ ನನಗೇನೂ ಬೇಜಾರಿಲ್ಲ. ಮಗುಗೂ ಒಬ್ಬಳು ತಾಯಿ ಅಂತ ಆಗ್ತಾಳೆ.”

ಮಗು ಎಂದರೆ ಒಂಬತ್ತು ವರ್ಷದ ಗುಬ್ಬಿ. ಹೊಸ್ತಿಲ ಮೇಲೆ ಕೂತು ಸಾಕ್ಸ್ ಎಳೆದುಕೊಳ್ಳುತ್ತಿದ್ದಳು. ಅವಳ ನಾಲ್ಕನೆಯ ವಯಸ್ಸಿನಲ್ಲಿ ಅಮ್ಮ ತೀರಿಕೊಂಡಳೆಂದು ಅಜ್ಜಿಯೇ ಅವಳಿಗೆ ಹೇಳಿದ್ದು. ಅಪ್ಪ ಅದಕ್ಕೆ ಒಂದು ಮಾತೂ ಸೇರಿಸಿರಲಿಲ್ಲ. ಗೋಡೆಯ ಮೇಲೆ ಫೋಟೊ ಇರಲಿಲ್ಲ. ಒಂದೆರಡು ಸಲ ಕೇಳಿದ ಗುಬ್ಬಿ, ಅಪ್ಪನ ಮುಖ ನೋಡಿದ ಮೇಲೆ ಕೇಳುವುದನ್ನೇ ಬಿಟ್ಟಿದ್ದಳು.

ನಗರದ ಮೊದಲ ದಿನ ಚೆನ್ನಾಗಿಯೇ ಹೋಯಿತು. ಗಾಜಿನ ಲಿಫ್ಟಿನಲ್ಲಿ ಮೂವತ್ತನೆಯ ಮಹಡಿಗೆ ಹೋಗಿ ಮಂಜಿನಲ್ಲಿ ಮುಳುಗಿದ ಊರನ್ನು ನೋಡಿದರು, ನೋಡಿದ್ದೆಲ್ಲ ಮಂಜೇ. ಮೀನುಮನೆಯಲ್ಲಿ ಗುಬ್ಬಿ ಒಂದು ಚಪ್ಪಟೆ ಮೀನಿಗೆ ಅಜ್ಜಿಯ ಹೆಸರಿಟ್ಟಳು. ಅಪ್ಪ ನಕ್ಕ. ಆದರೆ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಲಾಡ್ಜಿನ ಮೊಗಸಾಲೆಯಲ್ಲಿ ನಿಂತು ಅವನು ಫೋನಿನಲ್ಲಿ ಮಾತಾಡಿದ. ಹಲ್ಲುಜ್ಜುತ್ತಿದ್ದ ಗುಬ್ಬಿಗೆ ಬಾಗಿಲ ಸಂದಿಯಿಂದ ಕೇಳಿಸಿತು.

“ಮೂರು ಗಂಟೆಗೆ ಬರ್ತೀವಿ. ಅವಳಿಗೆ ಏನೂ ಗೊತ್ತಿಲ್ಲ. ನೀನೂ ಏನೂ ಹೇಳಬೇಡ. ಸುಮ್ಮನೆ ನೋಡು, ಅಷ್ಟೇ.”

ಗುಬ್ಬಿ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದಳು.

ಮೂರು ಗಂಟೆಗೆ ಅವರು ಹೋದ ಚಪ್ಪಲಿ ಅಂಗಡಿಗೆ ಮೂರು ಮಹಡಿ. ಎರಡನೆಯದರಲ್ಲಿ ಮಕ್ಕಳ ಬೂಟುಗಳು. ಇಂಥ ಚಳಿಗೆ ಬೂಟು ಬೇಕೇ ಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಅಪ್ಪ, ಒಳಗೆ ಕಾಲಿಟ್ಟ ಮೇಲೆ ಬೂಟಿನ ಕಡೆ ನೋಡಲೇ ಇಲ್ಲ. ನೀಲಿ ಕೋಟಿನ ಹೆಂಗಸೊಬ್ಬಳು ಎದ್ದು ಬಂದಳು. ಅವನು ಅವಳಿಗೆ ತಲೆಯಾಡಿಸಿ, ದೂರ ಹೋಗಿ ಮೆಟ್ಟಿಲ ಬಳಿ ಬೆನ್ನು ತಿರುಗಿಸಿ ನಿಂತ.

ಹೆಂಗಸು ಮಂಡಿಯೂರಿ ಗುಬ್ಬಿಯ ಸಾಕ್ಸ್ ಕಳಚಿದಳು. ಎಡಗಾಲಿನ ಹಿಮ್ಮಡಿಯ ಮೇಲೆ ಸುಟ್ಟ ಕಲೆ. ನೋಡಿದವರೆಲ್ಲ ಹೇಗಾಯಿತೆಂದು ಕೇಳುವ ಕಲೆ ಅದು. ಈಕೆ ಕೇಳಲಿಲ್ಲ. ಪಾದವನ್ನು ಅಳತೆಪಟ್ಟಿಯ ಮೇಲಿಟ್ಟು ಬಹಳ ಹೊತ್ತು ಅಳೆದಳು.

“ಜಡೆ ಯಾರು ಹಾಕೋದು ನಿಂಗೆ?”

“ಅಪ್ಪ.”

“ಚೆನ್ನಾಗಿ ಹಾಕ್ತಾರೆ.”

ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕೆಳಗೆ.

ಮೊದಲ ಜೊತೆ ಬಿಗಿ ಎಂದಳು ಗುಬ್ಬಿ. ಎರಡನೆಯದು ಸಡಿಲ. ಮೂರನೆಯದರ ಬಣ್ಣ ಚೆನ್ನಾಗಿಲ್ಲ. ನಾಲ್ಕನೆಯದು ಚುಚ್ಚುತ್ತದೆ. ಎಲ್ಲಿ ಎಂದು ಹೆಂಗಸು ಕೇಳಿದರೆ, ಎಲ್ಲ ಕಡೆ ಎಂದಳು. ಅಷ್ಟು ಹಟದ ಹುಡುಗಿಯಲ್ಲ ಗುಬ್ಬಿ. ಅಪ್ಪ ತಂದದ್ದನ್ನು ತೊಟ್ಟು, ಅಜ್ಜಿ ಬಡಿಸಿದ್ದನ್ನು ಉಣ್ಣುವವಳು. ಇಂದು ಮಾತ್ರ ಮುಖ ಗಂಟು ಹಾಕಿಕೊಂಡು ಎದುರಿನ ಕನ್ನಡಿಯನ್ನೇ ದಿಟ್ಟಿಸುತ್ತಾ, ಒಂದೊಂದು ಪೆಟ್ಟಿಗೆಯನ್ನೂ ಹಿಂದಕ್ಕೆ ಕಳಿಸಿದಳು. ಹೆಂಗಸು ಬೇಸರಿಸಲಿಲ್ಲ. ಆರನೆಯ ಪೆಟ್ಟಿಗೆ ಮುಚ್ಚುವಾಗ, ಪಾದ ತಣ್ಣಗಾಗಿದೆ ಎಂದು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು. ಗುಬ್ಬಿ ಕಾಲು ಎಳೆದುಕೊಳ್ಳಲಿಲ್ಲ. ಒಲ್ಲೆನೆಂದೂ ಅನ್ನಲಿಲ್ಲ.

ಮೇಲ್ವಿಚಾರಕ ಬಂದು ಬೇರೆ ಗಿರಾಕಿಗಳು ಕಾಯುತ್ತಿದ್ದಾರೆ ಎಂದು ನೆನಪಿಸಿದ. ಆಗ ಗುಬ್ಬಿ ಏಳನೆಯ ಜೊತೆಯನ್ನು, ಪೂರ್ತಿ ನೋಡದೆಯೇ, ಇರಲಿ ಎಂದಳು. ಹೆಂಗಸು ಲೇಸು ಕಟ್ಟಿದಳು. ಬಿಚ್ಚಿದಳು. ಮತ್ತೆ ಕಟ್ಟಿದಳು.

“ಓಡುವಾಗ ಬಿಚ್ಚಿಕೊಂಡ್ರೆ ಬೀಳ್ತೀಯ. ನೋಡ್ಕೋ.”

ಹೊರಗೆ ಬಂದ ಮೇಲೆ ಅಪ್ಪ ತುಸು ಗಡುಸಾಗಿಯೇ ಬೈದ. ದಿನವಿಡೀ ನಿಂತು ದುಡಿಯುವ ಹೆಂಗಸನ್ನು ಅಷ್ಟು ಸತಾಯಿಸಬಾರದಿತ್ತು ಎಂದ. ಗುಬ್ಬಿ ತಲೆ ತಗ್ಗಿಸಿ ನಡೆದಳು. ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಕಿಟಕಿಯಾಚೆ ನಗರ ಹಿಂದೆ ಸರಿಯುತ್ತಿತ್ತು. ಅಪ್ಪ ಬಹಳ ಹೊತ್ತು ಕೈ ಹೊಸೆದುಕೊಂಡು, ಕೊನೆಗೆ ಕೇಳಿದ:

“ಆ ಅಂಗಡಿ ಆಂಟಿ... ಹೇಗನ್ನಿಸಿದ್ರು ನಿಂಗೆ?”

ಗುಬ್ಬಿ ಉತ್ತರದ ಬದಲು ಪ್ರಶ್ನೆಯನ್ನೇ ಕೇಳಿದಳು.

“ಅವರು ನಮ್ಮನೆಗೆ ಬರ್ತಾರಾ?”

“ಇಲ್ಲ ಮರಿ. ಅವರಿಗೆ ಇಲ್ಲೇ ಬೇರೆ ಮನೆ ಇದೆ. ಬೇರೆ ಮಗುನೂ ಇದೆ.”

ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಅಪ್ಪ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಅವನ ಭುಜಗಳು ನಡುಗತೊಡಗಿದವು. ಗುಬ್ಬಿ ಎದ್ದು ಬಂದು ಅವನ ಪಕ್ಕದಲ್ಲಿ ಕೂತು, ಅವನ ಒರಟು ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಅಳಬೇಡ ಅಪ್ಪಾ,” ಎಂದಳು. “ಅಮ್ಮನ್ನ ನೋಡಿದ್ವಿ ಅಂತ ನಾನು ಅಜ್ಜಿ ಹತ್ರ ಹೇಳಲ್ಲ.”