ಹಿತುಕದ ಅವರೆಕಾಳು

ಅವರೆಕಾಯಿಯ ಸೊಗಡು ಮೂಗಿಗೆ ತಾಗಿದಾಗಲೆಲ್ಲ ಮಧುಗಿರಿಯ ಆ ಒಂದು ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ನನ್ನನ್ನು ಶಾಲೆಗೆ ಸೇರಿಸಲು ಅಂದೇ ಕೊನೆಯ ದಿನವಾಗಿತ್ತು. ಆದರೆ ಸಂಜೆಗೆ ಅಕ್ಕನ ಅತ್ತೆಮನೆಯವರು ಊಟಕ್ಕೆ ಬರುವವರಿದ್ದರು. ಅಂಗಳ ಸಾರಿಸಬೇಕಿತ್ತು, ರಾಗಿ ಬೀಸಬೇಕಿತ್ತು. ನೆನೆಸಿಟ್ಟ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸುವ ಕೆಲಸ ಬೇರೆ. ಅವ್ವ ಆ ನುಣುಪಾದ ಕಾಳುಗಳಲ್ಲಿ ಒಮ್ಮೆ ಕೈಯಾಡಿಸಿ, ಸಿಪ್ಪೆಸಮೇತ ಮಡಕೆಗೆ ಸುರಿದಳು.

“ಬೀಗ್ರಿಗೆ ಹಿತುಕದೆ ಬಡುಸ್ತೀಯೇನೇ?” ಎಂದರು ಅಜ್ಜಿ.

“ಅವ್ರಿಗೂ ಹಲ್ಲವಲ್ಲ ಅತ್ತೆ, ಬಾಯಾಗೇ ಹಿತುಕ್ಕೊಳ್ಲಿ ಬುಡಿ.”

ಅಜ್ಜಿ ನಗು ತಡೆಯಲಾರದೆ, “ಒಲೆ ನಾ ನೋಡ್ಕೊಂತೀನಿ, ಮಗೀನ ಕರ್ಕೊಂಡು ಹೋಗು” ಎಂದರು.

ಶಾಲೆಯಲ್ಲಿ ಮಹಾರಾಜರ ಪಟದ ಕೆಳಗೆ ಕುಳಿತಿದ್ದ ಮೇಷ್ಟರು ನನ್ನ ಹೆಸರನ್ನು ಬರೆದುಕೊಂಡರು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಮಸಿ ಆರುವವರೆಗೆ ಅದನ್ನೇ ನೋಡುತ್ತ ನಿಂತಿದ್ದಳು.