ಬಿಸಿ ತಾಗದ ಬೆರಳು

ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಇಂದಿಗೂ ನನಗೆ ಶಿಡ್ಲಘಟ್ಟದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಕುದಿನೀರಿನಲ್ಲಿ ಬರಿಗೈಯಿಂದ ಎಳೆ ಹುಡುಕುತ್ತಿದ್ದ ಅಪ್ಪನ ಬೆರಳಿಗೆ ಬಿಸಿಯೇ ತಾಗುತ್ತಿರಲಿಲ್ಲವೆಂದು ಅವರ ತಿಥಿಯ ದಿನವೂ ನೆಂಟರು ಹೊಗಳಿದರು. ಆ ಮಾತನ್ನು ಕೇಳಿ ಕೇಳಿ ದಣಿದಿದ್ದೇನೆ, ಒಪ್ಪಿಕೊಂಡಿಲ್ಲ.

ಆ ಮಧ್ಯಾಹ್ನದ ಹೊತ್ತಿಗೆ ನನಗೆ ಏಳು ವರ್ಷವಿರಬೇಕು. ಅಮ್ಮ ಕೊಟ್ಟ ಮುದ್ದೆ, ಹುರುಳಿ ಸಾರನ್ನು ನೂಲು ತೆಗೆಯುವ ಚರಕದ ಬಳಿಗೆ ಒಯ್ದೆ. ಅಪ್ಪ ಕೈ ತೊಳೆದು ಗೋಡೆಗೊರಗಿ ಕುಳಿತರು. ಬೆರಳ ತುದಿಗಳು ನೆನೆಸಿದ ಅವರೆಕಾಳಿನಂತೆ ಬಿಳಿಚಿ, ಸುಕ್ಕುಗಟ್ಟಿ, ಅಲ್ಲಲ್ಲಿ ಒಡೆದಿದ್ದವು. ಮುದ್ದೆ ಮುರಿದು ಖಾರದ ಸಾರಿಗೆ ಅದ್ದಿದವರು ಥಟ್ಟನೆ ಕೈ ಹಿಂತೆಗೆದರು.

"ಯಾಕಪ್ಪ, ಸಾರು ಸುಡ್ತೈತಾ?"

"ಹ್ಞೂಂ ಕಣಮ್ಮ, ಸುಡ್ತೈತೆ. ಇವತ್ತು ನೀನೇ ತುತ್ತು ಇಕ್ಕು."

ಪಕ್ಕದ ಚರಕದಲ್ಲಿದ್ದ ಚಿಕ್ಕಪ್ಪ ನಕ್ಕರು. "ಏನಣ್ಣ, ಮತ್ತೆ ಮಗು ಆಗ್ಬಿಟ್ಯಾ?"

"ಆಗ್ಲಿ ಬಿಡೋ. ನಿಂಗ್ಯಾರು ಇಕ್ತಾರೆ?" ಎಂದು ಅಪ್ಪನೂ ನಕ್ಕರು.

ನಾನು ಹೆಮ್ಮೆಯಿಂದ ಒಂದೊಂದೇ ತುತ್ತನ್ನು ಸಾರಿನಲ್ಲಿ ಹೊರಳಿಸಿ ಅವರ ಬಾಯಿಗಿಟ್ಟೆ. ಸಾರು ತಣ್ಣಗಿತ್ತು.

ಊಟವಾದ ಮೇಲೆ ಅಪ್ಪ ಚರಕದ ಮುಂದೆ ಕುಳಿತು, "ಇನ್ನು ಮನೆಗೆ ಹೋಗಮ್ಮ" ಎಂದರು. ನಾನು ತಿರುತಿರುಗಿ ನೋಡುತ್ತ ಹೊರಟೆ. ನಾನು ಬಾಗಿಲು ದಾಟುವವರೆಗೂ ಅವರು ಕುದಿನೀರಿಗೆ ಕೈ ಇಳಿಸಲಿಲ್ಲ.