ಗುಡ್ಡ ಹತ್ತಿದ ದವಾಖಾನೆ

ಡಾಕ್ಟರ್ ಶರಣಕುಮಾರ ಚಾಚಿದ ಕೈ ಹಾಗೇ ಉಳಿಯಿತು. ಡ್ರೈವರ್ ಸರದಾರಸಾಬ ಸಲಾಮನ್ನೂ ಹೇಳದೆ, ಕೈಯನ್ನೂ ಕೊಡದೆ ಟ್ರ್ಯಾಕ್ಟರ್ ಹತ್ತಿ ಕೂತ. ಬೆಳಗಿನ ತಂಪಲ್ಲೂ ಕರಿ ಚಸ್ಮಾ. ಬಾಯಲ್ಲಿ ಏಲಕ್ಕಿ. ಡಾಕ್ಟರನಿಗೆ ಆಗಲೇ ಅನುಮಾನ ಬಂತು. ಏಲಕ್ಕಿ ವಾಸನೆ ಮುಚ್ಚುತ್ತದೆ, ಚಸ್ಮಾ ಕೆಂಪು ಕಣ್ಣು ಮುಚ್ಚುತ್ತದೆ. ಕುಡುಕರ ಜಾಣತನ ಯಾರಿಗೆ ಗೊತ್ತಿಲ್ಲ?

ಟ್ರ್ಯಾಕ್ಟರಿನ ಹಿಂದೆ ಕೊಂಡಿಗೆ ಬಿಗಿದಿದ್ದದ್ದು ಟ್ರಸ್ಟಿನವರ ಗಾಲಿ ದವಾಖಾನೆ. ಮಂಚ, ಯಂತ್ರ, ನೀರಿನ ಟಾಕಿ ಎಲ್ಲ ಒಳಗೇ ಇರುವ ಬಿಳಿ ಮನೆ. ಶಹಾಪುರದಿಂದ ಹೊರಟು, ಸುರಪುರ ದಾಟಿ, ಗುಡ್ಡದ ಆಚೆಯ ಹಳ್ಳಿ ಶಾಲೆಗೆ ಅದನ್ನು ಮುಟ್ಟಿಸಬೇಕಿತ್ತು. ಅಲ್ಲಿ ಕಣ್ಣಿನ ಆಪರೇಷನ್ನಿಗೆ ಮುದುಕರು ಕಾಯುತ್ತಿದ್ದರು. ಡಾಕ್ಟರ್ ಈ ಟ್ರಸ್ಟಿಗೆ ಹೊಸಬ. ನಿನ್ನೆ ಯಾದಗಿರಿಯಲ್ಲಿ ದಿನವಿಡೀ ದುಡಿದು ಕುತ್ತಿಗೆ ಹಿಡಿದಿತ್ತು. ಜೀಪಿನ ಕ್ಲಚ್ಚೂ ಇವತ್ತೇ ಕೈಕೊಡಬೇಕೆ? ಕರ್ಮ ಎಂದುಕೊಂಡು ಒಂದು ಮಡ್ಗಾರ್ಡಿನ ಮೇಲೆ ಕೂತ.

ಇನ್ನೊಂದು ಮಡ್ಗಾರ್ಡಿನ ಮೇಲೆ ಡ್ರೈವರನ ಹೆಂಡತಿ ಖಾಜಾಬೀ.

"ನೀವ್ಯಾಕ ಬಂದೀರಿ?" ಡಾಕ್ಟರ್ ಕೇಳಿದ.

"ಹೋದ ತಿಂಗಳ ಗಾಡಿದು ಒಂದು ಮೂಲಿ ಮೋರಿ ಗ್ವಾಡಿಗಿ ಒರಸ್ತ್ರಿ. ಇನ್ನೊಂದ್ಸಲ ಗೀರು ಬಿದ್ರ ಕೀಲಿ ಇಟ್ಟು ಮನಿಗಿ ಹೋಗು ಅಂದಾರ ಮ್ಯಾನೇಜರ್ ಸಾಹೇಬ್ರು. ಅವತ್ತಿನಿಂದ ನಾನೂ ಬರ್ತೀನ್ರಿ. ಈ ಕೀಲಿ ಮ್ಯಾಲೇ ನಮ್ಮ ಒಲಿ ಉರಿಯೂದು."

"ಮ್ಯಾನೇಜರ್ ಎಲ್ಲಿ ಇವತ್ತ?"

"ಹೈದರಾಬಾದಿಗಿ, ಲಗ್ನಕ್ಕ ಹೋಗ್ಯಾರ. ಅಲ್ಲಾ ದೊಡ್ಡವ." ಅವಳ ಮುಖ ಒಂದು ಕ್ಷಣ ಹಗುರಾಯಿತು. ಡಾಕ್ಟರ್ ಅದನ್ನೂ ಗಮನಿಸಿದ. ಬೆಕ್ಕಿಲ್ಲದ ಮನೆಯಲ್ಲಿ ಇಲಿಗೆ ಹಬ್ಬ.

ಹೆಂಡತಿ ಪಕ್ಕ ಕೂತರೆ ಎಂಥ ಗಂಡಸಿಗೂ ಗಾಡಿ ಹೊಡೆಯಲು ಬರುವುದಿಲ್ಲ. ಇದು ಲೋಕದ ಮಾತು. ಖಾಜಾಬೀ ಆ ಮಾತಿನ ಮರ್ಯಾದೆ ಉಳಿಸಿದಳು. ಶಹಾಪುರ ಬಿಟ್ಟಾಗ ಶುರುವಾದ ಬಾಯಿ ನಿಲ್ಲಲೇ ಇಲ್ಲ.

"ಅಜೀಮನ ಅಬ್ಬಾ, ಎಡಕ್ಕ ತಗೋರಿ. ಸಾಕು. ಮುಂದ ಕುರಿ ಬರ್ಲಾಕತ್ಯಾವ, ನಿಂದ್ರಸ್ರಿ. ಹಾಂ, ನಡೀರಿ."

"ನಿನ್ನ ಬಾಯಿಗಿ ಒಂದು ಬ್ರೇಕ್ ಹಚ್ಚಿಸ್ಬೇಕು ನೋಡು," ಎಂದ ಸರದಾರಸಾಬ, ದಣಿದ ದನಿಯಲ್ಲಿ. ಆದರೆ ಹೇಳಿದಂತೆಯೇ ಹೊಡೆದ. ಪಾಪದವ ಅಂತಲೇ ಅನಿಸಿತು ಡಾಕ್ಟರನಿಗೆ. ತನ್ನ ಮನೆಯ ಕಾರಿನಲ್ಲೂ ಇದೇ ಕಥೆ.

ಗುಡ್ಡದ ಬುಡದಲ್ಲಿ ನಾಗಣ್ಣನ ಹೋಟೆಲ್ಲು. ನಾಗಣ್ಣ ಚಾದ ಗ್ಲಾಸು ಚಾಚಿದ. ಸರದಾರಸಾಬನ ಕೈ ಅದರ ಪಕ್ಕ ಹಾದುಹೋಯಿತು. ಖಾಜಾಬೀ ಗಡಬಡಿಸಿ ಗ್ಲಾಸು ಹಿಡಿದು ಗಂಡನ ಕೈಗಿಟ್ಟಳು. ಡಾಕ್ಟರ್ ನಿಟ್ಟುಸಿರಿಟ್ಟ. ಕೈ ಹಿಡಿತ ತಪ್ಪುವಷ್ಟು ಕುಡಿದಿದ್ದಾನೆ ಅಂದರೆ ಇದು ನಿನ್ನೆ ಮೊನ್ನೆಯ ಚಟ ಅಲ್ಲ.

ಏರು ಶುರುವಾಯಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಕೊಳ್ಳ. ತಿರುವಿನಲ್ಲಿ ಟ್ರ್ಯಾಕ್ಟರ್ ದಾಟಿದರೆ ಸಾಲದು, ಹಿಂದಿನ ಮನೆ ಒಳಬದಿಗೆ ಎಳೆಯುತ್ತದೆ, ಬಂಡೆಗೆ ಉಜ್ಜುತ್ತದೆ. "ಹೊರಗ ತಗೋರಿ, ಇನ್ನಷ್ಟು, ಇನ್ನಷ್ಟು. ಈಗ ಮುರೀರಿ!" ಸರದಾರಸಾಬ ಸ್ಟೇರಿಂಗ್ ತಿರುಗಿಸಿದ. ಬಂಡೆಗೂ ಗಾಡಿಗೂ ನಡುವೆ ಒಂದು ಗೇಣು ಉಳಿಯಿತು. ಎದುರಿಗೆ ಬಸ್ಸು ಬಂದಾಗ ಖಾಜಾಬೀ ತಾನೇ ಕೆಳಗಿಳಿದು ಗಾಲಿಗೆ ಕಲ್ಲು ಕೊಟ್ಟಳು, ಬಸ್ಸಿನವನ ಜೊತೆ ಜಗಳ ಮಾಡಿ ಅವನನ್ನೇ ಹಿಂದೆ ಸರಿಸಿದಳು. ಮೇಲೆ ಹತ್ತಿದಾಗ ಏದುಸಿರು. ಆದರೂ ಬಾಯಿ ಬಂದ್ ಆಗಲಿಲ್ಲ.

ಇಳಿಜಾರು ಬಂತು. "ಬ್ರೇಕ್ ತುಳೀಬ್ಯಾಡ್ರಿ, ಹಿಂದಿಂದು ದಬ್ಬತದ. ಗೇರಿನ್ಯಾಗೇ ಇಳಸ್ರಿ. ಬಲಕ್ಕ, ಸ್ವಲ್ಪ ಎಡಕ್ಕ..."

ಡಾಕ್ಟರನ ತಲೆ ಸಿಡಿಯುತ್ತಿತ್ತು. "ಅಮ್ಮಾ, ಕೈ ಮುಗೀತೀನಿ. ಒಂದ್ ಗಳಿಗಿ ಸುಮ್ನ ಇರ್ರಿ. ಅವ್ರಿಗಿ ಹೊಡಿಯಾಕ ಬಿಡ್ರಿ."

ಬೈದವರು ದೊಡ್ಡ ಮನುಷ್ಯರು. ಖಾಜಾಬೀ ಗಕ್ಕನೆ ಬಾಯಿ ಮುಚ್ಚಿದಳು.

ಮುಂದೆ ದಾರಿ ಬಲಕ್ಕೆ ತಿರುಗಿತು. ಟ್ರ್ಯಾಕ್ಟರ್ ತಿರುಗಲಿಲ್ಲ. ನೇರ ಕೊಳ್ಳದ ಕಡೆಗೇ ಹೊರಟಿತು.

"ಬಲಕ್ಕಽ! ಬಲಕ್ಕ ಮುರೀರಿ!"

ಮುಂದಿನ ಗಾಲಿ ಅಂಚಿನ ಕಲ್ಲು ಉರುಳಿಸಿ ದಾರಿಗೆ ಬಂತು. ಹಿಂದಿನ ಮನೆ ಒಲೆದಾಡಿ ನೆಟ್ಟಗಾಯಿತು. ಡಾಕ್ಟರ್ ಮಡ್ಗಾರ್ಡ್ ಗಟ್ಟಿಯಾಗಿ ಹಿಡಿದುಕೊಂಡ. ನಿದ್ದೆಗೆ ಜಾರಿದ್ದಾನೆ ಮಗ! ಊರು ಮುಟ್ಟಿದ ಕೂಡಲೇ ಇವನ ಕೀಲಿ ಕಸಿಯದೆ ಬಿಡುವುದಿಲ್ಲ ಎಂದುಕೊಂಡ. ಆಮೇಲೆ ಖಾಜಾಬೀ ಇನ್ನಷ್ಟು ಜೋರಾಗಿ ಕೂಗಿದಳು.

ಶಾಲೆಯ ಅಂಗಳ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಡಾಕ್ಟರ್ ಇಳಿದವನೇ ಮ್ಯಾನೇಜರನಿಗೆ ಫೋನ್ ಹಚ್ಚಿದ. ಖಾಜಾಬೀ ಗಂಡನ ತೋಳು ಹಿಡಿದುಕೊಂಡೇ ಓಡಿಬಂದಳು.

"ಬ್ಯಾಡ್ರಿ ಸಾಹೇಬ್ರ! ಒಲಿ ಆರ್ತದ ನಮ್ದು."

"ಕುಡ್ದು ಗಾಡಿ ಹೊಡಿಯವ್ನ ಒಲಿ ಉಳಿಸಾಕ ನಾವೆಲ್ಲ ಸಾಯ್ಬೇಕೇನು?"

"ಕುಡಿಯೂದಾ? ತೋಬಾ ತೋಬಾ! ಹುಟ್ಟಿದಾಗಿಂದ ಮುಟ್ಟಿಲ್ರಿ ಇವ್ರು. ಮ್ಯಾನೇಜರ್ ಇಲ್ಲದ ಒಂದು ದಿನಕ್ಕ ಕಾದು ಕಾದು ಸಾಕಾಗ್ಯದ ನಮಗ." ಅವಳು ಗಂಡನ ಮುಖದ ಚಸ್ಮಾ ತೆಗೆದಳು. ಸರದಾರಸಾಬ ತಲೆ ತಗ್ಗಿಸಿದ. ಡಾಕ್ಟರ್ ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದ, ಬಹಳ ಹೊತ್ತು ನೋಡಿದ. ಆಮೇಲೆ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದ.

ಫೋನಿನಲ್ಲಿ ಮ್ಯಾನೇಜರ್ ಒಂದೇ ಸಮ ಕೇಳುತ್ತಿದ್ದ. "ಏನಾತ್ರಿ ಡಾಕ್ಟರ್? ಗಾಡಿಗಿ ಏನರೇ ಮಾಡಿದ್ನೇನು ಆ ಮುದುಕ?"

"ಏನಿಲ್ರಿ. ಗಾಡಿ ಸುರಕ್ಷಿತ ಮುಟ್ಟ್ಯದ," ಎಂದು ಡಾಕ್ಟರ್ ಫೋನಿಟ್ಟ. ಮೊದಲೇ ಬಂದು ಅಂಗಳದಲ್ಲಿ ಮೇಜು ಹಾಕಿ ಕೂತಿದ್ದ ನರ್ಸ್ ಕಡೆಗೆ ತಿರುಗಿದ.

"ಮಲ್ಲಿಕಮ್ಮ, ಇವತ್ತಿನ ಮೊದಲ ಹೆಸರು ಬರೀರಿ: ಸರದಾರಸಾಬ, ಎರಡೂ ಕಣ್ಣಿಗಿ ಪೂರ್ತಿ ಪೊರಿ, ಏನೂ ಕಾಣ್ಸಂಗಿಲ್ಲ."